ಏಳನೇ ಲೂಯಿಯ ಐವರು ಹೆಣ್ಣುಮಕ್ಕಳು: ಬಳುವಳಿಯ ಜಾಡು ಹಿಡಿದು

ಫ್ರಾನ್ಸಿನ ಕ್ಯಾಪೆ ರಾಜವಂಶವನ್ನು ಓದುವಾಗ ಮಾರಿ, ಮಾರ್ಗರೇಟ್, ಅಲಿಕ್ಸ್, ಅಲೈಸ್ ಎಂಬ ಹೆಸರುಗಳೆಲ್ಲ ಕಲಸಿಹೋಗುತ್ತವೆ. ಉರು ಹೊಡೆಯಬೇಡಿ. ಪ್ರತಿ ಮದುವೆಗೂ ಒಂದೇ ಪ್ರಶ್ನೆ ಕೇಳಿ: ಈ ಹುಡುಗಿಯ ಜೊತೆ ಯಾವ ನೆಲ ಹೋಯಿತು, ಅಪ್ಪನಿಗೆ ಏನು ದಕ್ಕಿತು?

ಏಳನೇ ಲೂಯಿಗೆ (ಆಳ್ವಿಕೆ 1137–1180) ಮೂವರು ರಾಣಿಯರಿಂದ ಐವರು ಹೆಣ್ಣುಮಕ್ಕಳು, ಒಬ್ಬನೇ ಮಗ. ಮೊದಲ ರಾಣಿ ನೈಋತ್ಯ ಫ್ರಾನ್ಸಿನ ಅಕ್ವಿಟೇನ್ ಸೀಮೆಯ ಒಡತಿ ಎಲಿನೋರ್. 1152ರಲ್ಲಿ ಆ ಮದುವೆ ರದ್ದಾಯಿತು. ಎರಡೇ ತಿಂಗಳಲ್ಲಿ ಅವಳು ಮುಂದೆ ಇಂಗ್ಲೆಂಡಿನ ದೊರೆಯಾಗಲಿದ್ದ ಹೆನ್ರಿಯ ಕೈಹಿಡಿದಳು. ಅಕ್ವಿಟೇನ್ ಅವಳ ಹಿಂದೆಯೇ ಹೋಯಿತು. ಅಪ್ಪನ ಬಳಿ ಉಳಿದ ಅವಳ ಮಕ್ಕಳು ಮಾರಿ, ಅಲಿಕ್ಸ್ ಇಬ್ಬರನ್ನೂ ಶಾಂಪೇನ್ ಮತ್ತು ಬ್ಲುವಾ ಸೀಮೆಗಳನ್ನು ಆಳುತ್ತಿದ್ದ ಅಣ್ಣತಮ್ಮಂದಿರಿಗೆ ಗೊತ್ತುಮಾಡಲಾಯಿತು.

1160ರ ಅಕ್ಟೋಬರಿನಲ್ಲಿ ಎರಡನೇ ರಾಣಿ ಅಲೈಸಳನ್ನು ಹೆತ್ತು ತೀರಿಕೊಂಡಳು. ಕೆಲವೇ ವಾರಗಳಲ್ಲಿ ಲೂಯಿ ಅದೇ ಅಣ್ಣತಮ್ಮಂದಿರ ತಂಗಿ ಅಡೇಲಾಳನ್ನು ಮದುವೆಯಾದ. ಅಳಿಯಂದಿರಾಗಬೇಕಾದವರೇ ಭಾವಮೈದುನರಾದರು! ಈ ಕೂಟ ಕಂಡು ಹೆನ್ರಿ ಎಚ್ಚೆತ್ತ. ಎರಡನೇ ರಾಣಿಯ ಹಿರಿಮಗಳು ಮಾರ್ಗರೇಟ್ ಅವನ ಮಗನಿಗೆ ನಿಶ್ಚಯವಾಗಿದ್ದಳು. ಬಳುವಳಿ, ಹೆನ್ರಿಯ ಕೈಲಿದ್ದ ನಾರ್ಮಂಡಿಯ ಗಡಿಯ ವೆಕ್ಸಾಂ ಸೀಮೆ. ಮದುವೆಯಾಗುವವರೆಗೆ ಅಲ್ಲಿನ ಕೋಟೆಗಳು ಟೆಂಪ್ಲರ್ ಎಂಬ ಸನ್ಯಾಸಿ ಯೋಧರ ವಶದಲ್ಲಿರಬೇಕಿತ್ತು. ಹೆನ್ರಿ ನವೆಂಬರಿನಲ್ಲೇ ಮದುವೆ ಮುಗಿಸಿ ಕೋಟೆಗಳನ್ನು ಪಡೆದುಬಿಟ್ಟ. ಮದುಮಗನಿಗೆ ಐದು ವರ್ಷ, ಮದುಮಗಳಿಗೆ ಎರಡು. ಅತ್ತೆ ಯಾರು? ಅಪ್ಪನ ಮಾಜಿ ಹೆಂಡತಿ ಎಲಿನೋರ್.

1183ರಲ್ಲಿ ಗಂಡ ಸತ್ತ. ಮಾರ್ಗರೇಟ್ ಹಂಗೇರಿಯ ಮೂರನೇ ಬೇಲಾನ ರಾಣಿಯಾದಳು. ವೆಕ್ಸಾಂ ಮಾತ್ರ ತಂಗಿ ಅಲೈಸಳ ಬಳುವಳಿ ಎಂದಾಯಿತು. 1169ರಲ್ಲೇ ಅಲೈಸಳನ್ನು ಹೆನ್ರಿಯ ಇನ್ನೊಬ್ಬ ಮಗ ರಿಚರ್ಡನಿಗೆ ನಿಶ್ಚಯಿಸಿ ಕಳಿಸಿದ್ದರು. ಹೆನ್ರಿ ಅವಳ ಮದುವೆಯನ್ನೂ ಮಾಡಲಿಲ್ಲ, ತವರಿಗೂ ಕಳಿಸಲಿಲ್ಲ. ಕಳಿಸಿದರೆ ನೆಲ ಹೋಗುತ್ತದಲ್ಲ! 1191ರಲ್ಲಿ ರಿಚರ್ಡ್, ತನ್ನ ತಂದೆಯೇ ಅವಳನ್ನು ಇಟ್ಟುಕೊಂಡಿದ್ದ ಎಂಬ ಕಾರಣ ಕೊಟ್ಟು ಬೇಡವೆಂದ. ಆ ಆರೋಪ ನಿಜವೋ ಸುಳ್ಳೋ, ಹೊತ್ತುಕೊಂಡವಳು ಅಲೈಸ್. 1195ರಲ್ಲಿ, ಮೂವತ್ತೈದರ ಹೊತ್ತಿಗೆ, ಉತ್ತರ ಫ್ರಾನ್ಸಿನ ಪಾಂತ್ಯೂ ಸೀಮೆಯ ಕೌಂಟನೊಡನೆ (ಸಾಮಂತನೊಡನೆ) ಮದುವೆ. ಅವಳ ಮರಿಮಗಳು ಕ್ಯಾಸ್ಟೀಲಿನ ಎಲಿನೋರ್ ಇಂಗ್ಲೆಂಡಿನ ಮೊದಲನೇ ಎಡ್ವರ್ಡನ ರಾಣಿಯಾದಳು. ಪಾಂತ್ಯೂ ಅವಳ ಪಾಲಿಗೆ ಬಂದದ್ದು 1279ರಲ್ಲಿ.

ಕೊನೆಯವಳು ಅಡೇಲಾಳ ಮಗಳು ಆಗ್ನೆಸ್. 1179ರಲ್ಲಿ, ಎಂಟರ ವಯಸ್ಸಿಗೆ, ಹಡಗು ಹತ್ತಿಸಿ ಬೈಜಾಂಟೈನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲಿಗೆ ಕಳಿಸಿದರು. ಹೆಸರನ್ನೂ ಅನ್ನಾ ಎಂದು ಬದಲಿಸಿದರು. ಅಲ್ಲಿನ ಚಕ್ರವರ್ತಿಯಾಗಿದ್ದ ಬಾಲಗಂಡ ಎರಡನೇ ಅಲೆಕ್ಸಿಯೋಸನನ್ನು 1183ರಲ್ಲಿ ಕೊಲ್ಲಿಸಿ ಪಟ್ಟ ಕಸಿದ ಆಂದ್ರೋನಿಕೋಸ್ ಅರವತ್ತು ದಾಟಿದವನು. ಹನ್ನೆರಡರ ಇವಳನ್ನೇ ಮದುವೆಯಾದ. ಎರಡು ವರ್ಷದಲ್ಲಿ ಅವನನ್ನೂ ಜನ ಕೊಂದರು.

1203ರಲ್ಲಿ ಫ್ರೆಂಚ್ ಧರ್ಮಯೋಧರು ಆ ನಗರಕ್ಕೆ ಬಂದಾಗ ಆಗ್ನೆಸ್ ಅಲ್ಲೇ ಇದ್ದಳು. ನಮ್ಮ ದೊರೆಯ ತಂಗಿ ಎಂದು ಅವರು ನೋಡಲು ಹೋದರೆ ಮುಖ ಗಂಟಿಕ್ಕಿದಳು ಎಂದು ಆ ದಂಡಿನಲ್ಲಿದ್ದ ರಾಬರ್ಟ್ ದ ಕ್ಲಾರಿ ಬರೆದಿಟ್ಟಿದ್ದಾನೆ. ಅಕ್ಕ ಅಲಿಕ್ಸಳ ಮಗ, ಬ್ಲುವಾದ ಲೂಯಿ ಒಬ್ಬನ ಪರಿಚಯ ಮಾಡಿಕೊಂಡಳು. ಉಳಿದವರೊಡನೆ ಮಾತೆಲ್ಲ ದುಭಾಷಿಯ ಮೂಲಕ: ರಾಣಿಯವರಿಗೆ ಫ್ರೆಂಚ್ ಬರುವುದಿಲ್ಲ, ಎಂದನಂತೆ ದುಭಾಷಿ.