ಪ್ಲಾಸ್ಟಿಕ್‌ಗಿಂತ ಮೊದಲು ಪ್ಯಾರಿಸ್‌ನ ಕಸ ಎಲ್ಲಿಗೆ ಹೋಗುತ್ತಿತ್ತು?

ಓದುಗರ ಪ್ರಶ್ನೆ: ಪ್ಲಾಸ್ಟಿಕ್ ಇಲ್ಲದ ಕಾಲದಲ್ಲಿ ಯುರೋಪಿನ ದೊಡ್ಡ ನಗರಗಳು ಕಸವನ್ನು ಏನು ಮಾಡುತ್ತಿದ್ದವು?

ಬಹುಪಾಲು ಕಸ ಮತ್ತೆ ಬಳಕೆಗೆ ಬರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸನ್ನೇ ನೋಡಿ. ಮನೆಯವರು ಕಸವನ್ನು ಬೀದಿಗೆ ಸುರಿಯುತ್ತಿದ್ದರು. ಬೆಳಗಿನ ಬಂಡಿ ಅದನ್ನು ಎತ್ತುವುದರೊಳಗೆ ಚಿಂದಿ ಆಯುವವರು ಬಂದಿರುತ್ತಿದ್ದರು. ಬೆನ್ನಿಗೆ ಬುಟ್ಟಿ, ಒಂದು ಕೈಯಲ್ಲಿ ಲಾಂದ್ರ, ಇನ್ನೊಂದರಲ್ಲಿ ಕೊಕ್ಕೆ. ರಾಶಿಯನ್ನು ಕೆದಕಿ, ಬೇಕಾದುದನ್ನು ಕೊಕ್ಕೆಗೆ ಸಿಕ್ಕಿಸಿ ಹೆಗಲ ಮೇಲಿಂದ ಬುಟ್ಟಿಗೆ ಎಸೆಯುತ್ತಿದ್ದರು. ಹಳೆಬಟ್ಟೆ ಕಾಗದದ ಕಾರ್ಖಾನೆಗೆ ಹೋಗುತ್ತಿತ್ತು. ಮರದ ತಿರುಳು ಬರುವ ತನಕ ಕಾಗದಕ್ಕೆ ಅದೇ ಮುಖ್ಯ ಕಚ್ಚಾವಸ್ತು. ಮೂಳೆಯಿಂದ ಗುಂಡಿ ಮತ್ತು ಅಂಟು ತಯಾರಾಗುತ್ತಿದ್ದವು, ಅದನ್ನು ಸುಟ್ಟ ಇದ್ದಿಲಿನಿಂದ ಸಕ್ಕರೆಯನ್ನು ಬಿಳಿ ಮಾಡುತ್ತಿದ್ದರು. ಬೀದಿಯ ಕೆಸರು, ಕೊಳೆತ ಕಸ ನಗರದ ಹೊರಗಿನ ಹೊಲಗಳಿಗೆ ಗೊಬ್ಬರ.

ಆದರೆ ಈ ವ್ಯವಸ್ಥೆಯನ್ನು ಹೊಗಳುವವರು ಅದು ನಡೆದದ್ದು ಯಾರ ಬೆನ್ನಿನ ಮೇಲೆ ಎಂಬುದನ್ನು ಮರೆಯುತ್ತಾರೆ. ಆಯುವವರನ್ನು ಪೊಲೀಸರು ಕಳ್ಳರಂತೆ ಕಾಣುತ್ತಿದ್ದರು. 1828ರಿಂದ ಅವರು ಗುರುತಿನ ಬಿಲ್ಲೆ ಧರಿಸಬೇಕಾಯಿತು. 1832ರಲ್ಲಿ ಕಾಲರಾ ಬಂದಿತು. ಪ್ಯಾರಿಸ್ ಒಂದರಲ್ಲೇ 18,000ಕ್ಕೂ ಹೆಚ್ಚು ಜನ ಸತ್ತರು. ಬೀದಿ ಬೇಗ ಚೊಕ್ಕಟವಾಗಲೆಂದು ಆಡಳಿತವು ಕಸ ಎತ್ತುವ ಗುತ್ತಿಗೆಯನ್ನು ಹೊಸಬರಿಗೆ ಕೊಟ್ಟು, ಸಂಜೆಯೂ ಬಂಡಿ ಓಡಿಸಿತು. ರಾತ್ರಿ ಆಯಲು ಏನೂ ಉಳಿಯದಂತಾಯಿತು. ರೊಚ್ಚಿಗೆದ್ದ ಆಯುವವರು ಬಂಡಿಗಳಿಗೆ ಬೆಂಕಿ ಹಚ್ಚಿದರು. ಅವರನ್ನು ಸ್ವಚ್ಛತೆಯ ವೈರಿಗಳು ಎನ್ನುವುದು ಅನ್ಯಾಯ. ಅವರ ಅನ್ನ ಆ ರಾಶಿಯಲ್ಲಿತ್ತು.

ಅರ್ಧ ಶತಮಾನದ ನಂತರ ಅದೇ ಜಗಳ ಮರುಕಳಿಸಿತು. 1883ರ ನವೆಂಬರ್‌ನಲ್ಲಿ, ಪ್ಯಾರಿಸ್ ಸೇರಿದ್ದ ಸೇನ್ ಪ್ರಾಂತ್ಯದ ಆಡಳಿತಾಧಿಕಾರಿ ಯೂಜೀನ್ ಪುಬೆಲ್, ಪ್ರತಿ ಕಟ್ಟಡದ ಮಾಲೀಕರೂ ಬಾಡಿಗೆದಾರರಿಗೆ ಕಸದ ಡಬ್ಬಿ ಒದಗಿಸಬೇಕೆಂದು ಆಜ್ಞೆ ಹೊರಡಿಸಿದರು. ಗಾಜು, ಪಿಂಗಾಣಿಯ ಚೂರು ಮತ್ತು ಸಿಂಪಿಯ ಚಿಪ್ಪುಗಳನ್ನು ಬೇರೆ ಇಡಬೇಕಿತ್ತು. ಮಾಲೀಕರು ಖರ್ಚೆಂದು ಗೊಣಗಿದರು. ಆಯುವವರ ಸಂಕಟ ಬೇರೆಯೇ: ಡಬ್ಬಿ ಹೊರಗೆ ಬರುತ್ತಿದ್ದುದು ಬಂಡಿ ಬರುವ ಸ್ವಲ್ಪ ಮೊದಲು. ಇಡೀ ರಾತ್ರಿಯ ಕೆಲಸ ಕೆಲವೇ ನಿಮಿಷಗಳಿಗೆ ಇಳಿಯಿತು. ಪ್ರತಿಭಟನೆಯ ಬಳಿಕ, ಬಟ್ಟೆ ಹಾಸಿ ಅದರ ಮೇಲೆ ಡಬ್ಬಿ ಸುರಿದು ಆಯಲು ಅವರಿಗೆ ಅವಕಾಶ ಸಿಕ್ಕಿತು. ಅಷ್ಟರಲ್ಲಿ ಮರದ ತಿರುಳಿನ ಕಾಗದ ಚಿಂದಿಯ ಬೆಲೆಯನ್ನೂ ಇಳಿಸುತ್ತಿತ್ತು.

ನಗರದ ಕೋಟೆಗೋಡೆಯ ಆಚೆ ಗುಡಿಸಲು ಹಾಕಿಕೊಂಡ ಅನೇಕರು, ಆಯ್ದ ಹಳೆಯ ಸಾಮಾನುಗಳನ್ನು ಅಲ್ಲೇ ಹರಡಿ ಮಾರತೊಡಗಿದರು. ಇಂದು ಪ್ರವಾಸಿಗರು ದುಬಾರಿ ಬೆಲೆ ಕೊಟ್ಟು ಪುರಾತನ ವಸ್ತು ಕೊಳ್ಳುವ ಸೇಂಟ್ ಊವೆನ್ ಸಂತೆ ಬೆಳೆದದ್ದು ಅವರಿಂದ.