ಖಾಲಿ ಆಬ್ಜೆಕ್ಟ್ ಖಾಲಿಯಲ್ಲ

ವೆಬ್ ಪುಟಗಳ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ ಸುಮ್ನೆ ಒಂದು ಖಾಲಿ ಆಬ್ಜೆಕ್ಟ್ ಮಾಡಿ. ಆಬ್ಜೆಕ್ಟ್ ಅಂದರೆ ಹೆಸರು ಹಚ್ಚಿ ಮಾಹಿತಿ ಇಡುವ ಒಂದು ಡಬ್ಬಿ. ಬರೀ ಎರಡು ಹೂವಿನ ಬ್ರಾಕೆಟ್, ಒಳಗೆ ಏನೂ ಇಲ್ಲ. ಈಗ ಅದರ ಹತ್ತಿರ 'ಟುಸ್ಟ್ರಿಂಗ್' ಅನ್ನುವ ಫಂಕ್ಷನ್ (ಆಬ್ಜೆಕ್ಟನ್ನು ಪಠ್ಯವಾಗಿಸುವ ಕೆಲಸದ ತುಣುಕು) ಕೇಳಿ. ಇದೆ! ನಾವು ಇಡದೇ ಇದ್ದದ್ದು ಎಲ್ಲಿಂದ ಬಂತು?

ಆ ಆಬ್ಜೆಕ್ಟ್‌ನ ಬೆನ್ನ ಹಿಂದೆ ಇನ್ನೊಂದು ಆಬ್ಜೆಕ್ಟ್ ಇದೆ. ಅದೇ ಪ್ರೋಟೋಟೈಪ್. ಕೇಳಿದ್ದು ತನ್ನ ಬಳಿ ಇಲ್ಲದಿದ್ದರೆ ಹುಡುಕಾಟ ಪ್ರೋಟೋಟೈಪ್‌ಗೆ ಹೋಗುತ್ತದೆ. ಅಲ್ಲೂ ಇಲ್ಲದಿದ್ದರೆ ಅದರ ಪ್ರೋಟೋಟೈಪ್‌ಗೆ. ಕೊನೆಗೆ ಈ ಸರಪಳಿಯ ತುದಿಯಲ್ಲಿ 'ನಲ್' ಅನ್ನುವ ಖಾಲಿ ಗುರುತು ಎದುರಾದಾಗ ಹುಡುಕಾಟ ನಿಲ್ಲುತ್ತದೆ, 'ಅನ್‌ಡಿಫೈನ್ಡ್' (ಅಂಥದ್ದು ಇಲ್ಲ) ಅನ್ನುವ ಉತ್ತರ ಬರುತ್ತದೆ.

1995ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನಲ್ಲಿದ್ದ ಬ್ರೆಂಡನ್ ಐಕ್ ಈ ಭಾಷೆಯ ಮೊದಲ ರೂಪವನ್ನು ಹತ್ತೇ ದಿನಗಳಲ್ಲಿ ಕಟ್ಟಿದರು. ಪ್ರೋಟೋಟೈಪ್‌ನ ಯೋಚನೆಯನ್ನು ಅವರು ತೆಗೆದುಕೊಂಡದ್ದು 'ಸೆಲ್ಫ್' ಎಂಬ ಹಳೆಯ ಭಾಷೆಯಿಂದ. 2015ರಲ್ಲಿ ಆಬ್ಜೆಕ್ಟ್ ಮಾಡುವ ಅಚ್ಚಿಗೆ 'ಕ್ಲಾಸ್' ಎಂಬ ಪದ ಬಂತು. ಆದರೆ ಒಳಗೆ ನಡೆಯುವುದು ಅದೇ ಹಳೆಯ ಹುಡುಕಾಟ.

ನನಗೆ ಜಾಸ್ತಿ ಇಷ್ಟವಾಗುವ ವಿಷಯ ಮುಂದಿದೆ. ಓದುವಾಗ ಹುಡುಕಾಟ ಮೇಲೆ ಹತ್ತುತ್ತದೆ, ಬರೆಯುವಾಗ ಸಾಮಾನ್ಯವಾಗಿ ಹತ್ತುವುದಿಲ್ಲ. ಪ್ರೋಟೋಟೈಪ್‌ನಲ್ಲಿ ಬಣ್ಣ ಕೆಂಪು ಅಂತ ಇದೆ ಅಂದುಕೊಳ್ಳಿ. ನನ್ನ ಆಬ್ಜೆಕ್ಟ್‌ಗೆ ನೀಲಿ ಅಂತ ಬರೆದರೆ ನೀಲಿ ಅದರಲ್ಲೇ ಉಳಿಯುತ್ತದೆ, ಮೇಲಿನ ಕೆಂಪು ಹಾಗೇ ಇರುತ್ತದೆ. ನೀಲಿಯನ್ನು ಅಳಿಸಿ ನೋಡಿ, ಕೆಂಪು ಮತ್ತೆ ಕಾಣುತ್ತದೆ. ಚೆನ್ನಾಗಿದೆ ಅಲ್ವಾ? ಆದರೆ ಬಣ್ಣದ ಬದಲು ಅಲ್ಲಿ ಒಂದು ಅರೇ (ಪಟ್ಟಿ) ಇದ್ದರೆ ಎಚ್ಚರ ಬೇಕು. ಅದಕ್ಕೆ 'ಪುಶ್' ಮಾಡುವುದು, ಅಂದರೆ ಕೊನೆಗೆ ಒಂದನ್ನು ಸೇರಿಸುವುದು, ಹೊಸದಾಗಿ ಬರೆಯುವುದಲ್ಲ. ಮೊದಲು ಅರೇಯನ್ನು ಓದಿ ತರಬೇಕು, ಓದು ಮೇಲಕ್ಕೆ ಹೋಗುತ್ತದೆ, ಸಿಗುವುದು ಅದೇ ಪ್ರೋಟೋಟೈಪ್ ಇರುವ ಎಲ್ಲ ಆಬ್ಜೆಕ್ಟ್‌ಗಳೂ ಹಂಚಿಕೊಂಡ ಒಂದೇ ಅರೇ. ಒಂದು ಆಬ್ಜೆಕ್ಟ್‌ನಲ್ಲಿ ಸೇರಿಸಿದ್ದು ಪಕ್ಕದ್ದರಲ್ಲೂ ಕಾಣುತ್ತದೆ. ಇಂಥ ಒಂದು ತಪ್ಪಿನ ಹಿಂದೆ ನಾನು ಇಡೀ ಸಂಜೆ ಕೂತಿದ್ದೇನೆ. ಅದು ಹೊಳೆದ ಮೇಲೆಯೇ ಪ್ರೋಟೋಟೈಪ್ ನನಗೆ ನಿಜವಾಗಿ ಅರ್ಥವಾದದ್ದು.

ಇನ್ನು ಸರಪಳಿಯ ತುದಿಯಲ್ಲಿ ಕೂತಿರುವ ಆ ನಲ್. ಏನೂ ಇಲ್ಲ ಅನ್ನುವುದಕ್ಕೆ ಅದು ಗುರುತು. ಆದರೂ 'ಟೈಪ್‌ಆಫ್' ಹಾಕಿ ಅದು ಯಾವ ಬಗೆಯದು ಎಂದು ಕೇಳಿದರೆ 'ಆಬ್ಜೆಕ್ಟ್' ಅನ್ನುತ್ತದೆ. ಈ ಭಾಷೆಯನ್ನು ಓಡಿಸುವ ಮೊದಲ ಎಂಜಿನ್‌ನಲ್ಲಿ ಪ್ರತಿ ಮೌಲ್ಯದ ಕೊನೆಯ ಕೆಲವು ಬಿಟ್‌ಗಳು ಅದು ಯಾವ ಜಾತಿ ಎಂದು ಹೇಳುತ್ತಿದ್ದವು. ಆಬ್ಜೆಕ್ಟ್‌ಗೆ ಇಟ್ಟ ಗುರುತು ಸೊನ್ನೆಗಳು. ನಲ್‌ನಲ್ಲಿ ಇದ್ದದ್ದೆಲ್ಲ ಸೊನ್ನೆಯೇ. ಹಾಗಾಗಿ ನಲ್ ಕೂಡ ಆಬ್ಜೆಕ್ಟ್ ಸಾಲಿಗೆ ಸೇರಿತು. ಸರಿಪಡಿಸುವ ಸಲಹೆ ಮುಂದೆ ಬಂದಿತ್ತು. ಆದರೆ ಅಷ್ಟರಲ್ಲಿ ಎಷ್ಟೋ ವೆಬ್ ಪುಟಗಳು ಈ ಉತ್ತರವನ್ನೇ ನಂಬಿ ಓಡುತ್ತಿದ್ದವು. ಅವು ಕೆಡುತ್ತವೆ ಎಂದು ಸಲಹೆಯನ್ನು ಕೈಬಿಟ್ಟರು. ನಿಮ್ಮ ಬ್ರೌಸರ್‌ನ ಕನ್ಸೋಲ್ (ಕೋಡ್ ಬರೆದು ನೋಡುವ ಕಿಟಕಿ) ತೆರೆದು ಈಗಲೇ ಕೇಳಿ ನೋಡಿ, ಅದೇ ಉತ್ತರ ಬರುತ್ತದೆ.