ಕಪ್ಪು ಕನ್ನಡಕದೊಳಗೆ ಇಬ್ಬರು

ಕಲಾಶಾಲೆಯಲ್ಲಿ ವರ್ಷಕ್ಕೊಬ್ಬ ವಿದ್ಯಾರ್ಥಿಯಾದರೂ ದೊಡ್ಡ ಕ್ಯಾನ್ವಾಸಿನ ತುಂಬ ರಾಜ್‌ಕುಮಾರ್ ಅವರ ಮುಖ ಬರೆದು, ಹಿನ್ನೆಲೆಗೆ ಗುಲಾಬಿ ಬಳಿದು, ‘ಸರ್, ಇದು ಪಾಪ್ ಆರ್ಟ್’ (ಸಿನಿಮಾ, ಜಾಹೀರಾತಿನಂಥ ಜನಪ್ರಿಯ ಚಿತ್ರಗಳನ್ನು ಎತ್ತಿಕೊಳ್ಳುವ ಕಲೆ) ಎಂದು ತರುತ್ತಾನೆ. ಕೈ ಪಳಗಿರುತ್ತದೆ. ಆದರೆ ನೋಡಲು ಬಂದವರು ಅಣ್ಣಾವ್ರಿಗೆ ಮನಸ್ಸಿನಲ್ಲೇ ಕೈಮುಗಿದು ಮುಂದೆ ಹೋಗುತ್ತಾರೆ. ಚಿತ್ರವನ್ನು ಯಾರೂ ನೋಡುವುದಿಲ್ಲ. ಅಂಥ ವಿದ್ಯಾರ್ಥಿಗಳಿಗೆ ನಾನು ಮೊದಲು ತೋರಿಸುವುದು ಮುಂಬೈಯ ಚಿತ್ರಕಾರ ಅತುಲ್ ದೋಡಿಯಾ ಅವರ ‘ದ ಬಾಂಬೆ ಬಕನೀರ್’ (ಬಾಂಬೆಯ ಕಡಲ್ಗಳ್ಳ) ಎಂಬ ವರ್ಣಚಿತ್ರ.

1994ರ ಈ ಚಿತ್ರಕ್ಕೆ ಹಿಂದಿನ ವರ್ಷವಷ್ಟೇ ತೆರೆಕಂಡಿದ್ದ ಹಿಂದಿ ಸಿನಿಮಾ ‘ಬಾಜಿಗರ್’ನ ಪೋಸ್ಟರೇ ಅಚ್ಚು. ನಾಯಕನ ಜಾಗದಲ್ಲಿ ದೋಡಿಯಾ ತಮ್ಮನ್ನೇ ನಿಲ್ಲಿಸಿಕೊಂಡಿದ್ದಾರೆ. ಕಪ್ಪು ಕನ್ನಡಕದ ಗಾಜುಗಳನ್ನು ಹತ್ತಿರದಿಂದ ನೋಡಬೇಕು. ಅಲ್ಲಿ ಪ್ರತಿಫಲಿಸುತ್ತಿರುವವರು ಭೂಪೇನ್ ಖಖ್ಖರ್ ಮತ್ತು ಡೇವಿಡ್ ಹಾಕ್ನಿ, ಇಬ್ಬರೂ ಚಿತ್ರಕಾರರು. ಗುರುಗಳ ಋಣವನ್ನು ನೇರವಾಗಿ ಹೇಳಿದ್ದರೆ ಸಪ್ಪೆ ಭಕ್ತಿಯಾಗುತ್ತಿತ್ತು. ಪೋಸ್ಟರಿನ ಜಂಬ ಆ ಮಾತಿಗೆ ಒಂದು ತುಂಟತನ ತಂದುಕೊಟ್ಟಿದೆ.

ಕಲಾವಿದರು ಸಿನಿಮಾದಿಂದ ಕಥೆಗಿಂತ ಹೆಚ್ಚಾಗಿ ಎತ್ತಿಕೊಂಡಿರುವುದು ಅದರ ಸುತ್ತಲಿನ ಸರಂಜಾಮನ್ನು: ಪೋಸ್ಟರು, ಬ್ಯಾನರು, ಸ್ಟಿಲ್ಲು. ಸ್ಟಿಲ್ ಎಂದರೆ ಸಿನಿಮಾದ ರೀಲಿನಿಂದ ಕತ್ತರಿಸಿ ತೆಗೆದ ತುಣುಕು ಎಂದೇ ಹಲವರ ಎಣಿಕೆ. ಅದನ್ನು ತೆಗೆಯಲು ಬೇರೆ ಛಾಯಾಗ್ರಾಹಕನೇ ಇರುತ್ತಾನೆ. ಶಾಟ್ ಮುಗಿದ ಮೇಲೆ ನಟಿ ಅವನಿಗಾಗಿ ಮತ್ತೊಮ್ಮೆ ಅದೇ ಸಿಟ್ಟು, ಅದೇ ಅಳು ತಂದುಕೊಂಡು ಅಲುಗಾಡದೆ ನಿಲ್ಲುವುದುಂಟು. ನಟನೆಯ ಮೇಲೊಂದು ನಟನೆ.

ಬೆಂಗಳೂರಿನ ಪುಷ್ಪಮಾಲಾ ಎನ್. ಕೈಹಾಕಿದ್ದು ಈ ಎರಡನೆಯ ನಟನೆಗೆ. ಶಿಲ್ಪಕಲೆ ಕಲಿತ ಇವರು 1996–98ರ ‘ಫ್ಯಾಂಟಮ್ ಲೇಡಿ’ ಕಪ್ಪು-ಬಿಳುಪು ಸರಣಿಗಾಗಿ ಮುಖವಾಡ, ಗರಿಯ ಟೋಪಿ ತೊಟ್ಟು ಮುಂಬೈಯಲ್ಲಿ ಕ್ಯಾಮೆರಾದ ಮುಂದೆ ನಿಂತರು. 1935ರ ‘ಹಂಟರ್‌ವಾಲಿ’ಯಲ್ಲಿ ಚಾಟಿ ಹಿಡಿದ ಸಾಹಸ ನಟಿ ಫಿಯರ್‌ಲೆಸ್ ನಾಡಿಯಾ ಅದರ ಬೆನ್ನಿಗಿದ್ದಾರೆ. ಮುಂದೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಮಾಡಿದ ದಕ್ಷಿಣ ಭಾರತದ ಸ್ತ್ರೀಯರ ಸರಣಿಯಲ್ಲಿ ರವಿವರ್ಮನ ಹೆಣ್ಣುಗಳ ಸಾಲಿನಲ್ಲೇ ಜಯಲಲಿತಾ ಅವರ ಸಿನಿಮಾ ಸ್ಟಿಲ್ ಒಂದನ್ನೂ ತಾವೇ ಅಭಿನಯಿಸಿದರು. ನಗು ಬರುತ್ತದೆ, ನಿಜ. ಆದರೆ ದೇವಿ, ನಾಯಕಿ, ಜನಾಂಗ ಅಧ್ಯಯನದ ‘ಮಾದರಿ’ ಹೆಣ್ಣು ಎಲ್ಲರೂ ಬಣ್ಣದ ಪರದೆಯ ಮುಂದೆ ಒಂದೇ ಬಗೆಯಲ್ಲಿ ನಿಲ್ಲಿಸಲ್ಪಟ್ಟವರು ಎಂದು ಹೊಳೆದಾಗ ಆ ನಗು ಗಂಟಲಲ್ಲೇ ಉಳಿಯುತ್ತದೆ.

ಚಿತ್ರಕಾರ ಎಂ. ಎಫ್. ಹುಸೇನ್ ಮುಂಬೈಯಲ್ಲಿ ಹೊಟ್ಟೆಪಾಡಿಗೆ ಸಿನಿಮಾ ಹೋರ್ಡಿಂಗ್ ಬರೆದವರು. ಅವರ ದಪ್ಪ ರೇಖೆ ಅಲ್ಲಿಯದೇ ಎಂದು ನನ್ನ ಗುಮಾನಿ. ಅಂಗೈಯಗಲದ ಸ್ಟಿಲ್ಲಿನ ಮೇಲೆ ಚೌಕಗಳನ್ನು ಎಳೆದು, ಒಂದೊಂದನ್ನೇ ಆಳೆತ್ತರದ ಹಲಗೆಗೆ ಹಿಗ್ಗಿಸುವ ಕೆಲಸ ಅದು. ಕಪ್ಪು-ಬಿಳುಪು ಕೆನ್ನೆಯ ನೆರಳಿಗೆ ಹಸಿರು ಹಚ್ಚಬೇಕೋ ನೀಲಿಯೋ ಎಂಬುದು ಬರೆಯುವವನ ಮರ್ಜಿ. ಫ್ಲೆಕ್ಸ್ ಬಂದ ಮೇಲೆ ಆ ಮರ್ಜಿಗೆ ಕೆಲಸವಿಲ್ಲ.

ಈ ಸಲದ ಹುಡುಗನ ಕೈಗೆ ಹಳೆಯ ಸ್ಟಿಲ್ ಒಂದನ್ನು ಕೊಟ್ಟು, ಪೆನ್ಸಿಲಿನಲ್ಲಿ ಚೌಕ ಎಳೆದುಕೊಂಡು ಬಾ ಎಂದಿದ್ದೇನೆ. ಯಾರ ಮುಖ ಎಂಬುದನ್ನು ಆಮೇಲೆ ನೋಡೋಣ.